ಟ್ರಿಕ್ ಸೀನ್ ಮಾಡುತ್ತಿದ್ದ ಬಾಬುಭಾಯಿ ಮಿಸ್ತ್ರಿ ಡೈರೆಕ್ಟರ್ ಆದದ್ದು ಹೇಗೆ?

ಆಳಂದದ ಹುಡುಗಿ:
ಎಲ್ಲರಿಗೂ ನಮಸ್ಕಾರ. ನಾನು ಕಲಬುರಗಿಯಲ್ಲಿ ಅನಿಮೇಷನ್ ಕಲಿಯುತ್ತಿದ್ದೇನೆ. ಮುಂದಿನ ವಾರ ಕ್ಲಾಸಿನಲ್ಲಿ, ಹಳೇ ಹಿಂದಿ ಸಿನಿಮಾಗಳಲ್ಲಿ ಟ್ರಿಕ್ ಸೀನ್ ಮಾಡುತ್ತಿದ್ದ ಬಾಬುಭಾಯಿ ಮಿಸ್ತ್ರಿ ಬಗ್ಗೆ ಮಾತಾಡಬೇಕು. 1918ರಲ್ಲಿ ಸೂರತ್‌ನಲ್ಲಿ ಹುಟ್ಟಿದರು, 'ಸಂಪೂರ್ಣ ರಾಮಾಯಣ' ಮಾಡಿದರು, 2010ರಲ್ಲಿ ತೀರಿಕೊಂಡರು. ಇಷ್ಟು ಸಿಕ್ಕಿದೆ. ಆದರೆ ಟ್ರಿಕ್ ಮಾಡುವವರ ಕೈಗೆ ಇಡೀ ಸಿನಿಮಾ ಯಾಕೆ ಕೊಟ್ಟರು?

ಆಪರೇಟರ್ ಕಾಕಾ, ಶಹಾಬಾದ್:
ನೋಡವ್ವ, ನಾನು 30 ವರ್ಷ ಪ್ರೊಜೆಕ್ಟರ್ ಓಡಿಸಿದವನು. ಟೆಂಟ್‌ನಲ್ಲಿ ಶುರು, ಆಮೇಲೆ ಟಾಕೀಸು. ಮೊದಲು ಕರಿ ದಾರದ ಮಾತು ಹೇಳುತ್ತೇನೆ. 1937ರಲ್ಲಿ ವಿಜಯ್ ಭಟ್ಟರ 'ಖ್ವಾಬ್ ಕಿ ದುನಿಯಾ' ಬಂತು. ಅದರಲ್ಲಿ ಮನುಷ್ಯ ಕಾಣುವುದಿಲ್ಲ, ಸಾಮಾನು ತಾವಾಗೇ ಓಡಾಡುತ್ತವೆ. ಬಾಬುಭಾಯಿಗೆ ಆಗ ಹತ್ತೊಂಬತ್ತರ ವಯಸ್ಸು. ಹಿಂದೆ ಕತ್ತಲು, ಸಾಮಾನಿಗೆ ಕರಿ ದಾರ. ಅಷ್ಟೇ. ಜನ ಅವರನ್ನು 'ಕಾಲಾ ಧಾಗಾ', ಅಂದರೆ ಕರಿ ದಾರ ಅಂತಲೇ ಕರೆದರು.

1942ರಲ್ಲಿ ಬಟುಕ್ ಭಟ್ ಜೊತೆ ಸೇರಿ 'ಮುಕಾಬಲಾ' ಡೈರೆಕ್ಟ್ ಮಾಡಿದರು. ಸ್ಟಂಟ್ ನಾಯಕಿ ನಾಡಿಯಾ ಅದರಲ್ಲಿ ಡಬಲ್ ರೋಲ್. ಕ್ಯಾಮೆರಾ ಒಳಗೇ ಡಬಲ್ ರೋಲ್ ತೆಗೆಯುವುದು ಅಂದರೆ ಏನು ಗೊತ್ತಾ? ಲೆನ್ಸ್ ಮುಂದೆ ಅರ್ಧಕ್ಕೆ ಕರಿ ರಟ್ಟು ಇಟ್ಟು ಒಂದು ಸಲ ತೆಗೆಯಬೇಕು. ಫಿಲ್ಮ್ ಹಿಂದಕ್ಕೆ ಸುತ್ತಿ, ಇನ್ನರ್ಧ ಮುಚ್ಚಿ ಮತ್ತೆ ತೆಗೆಯಬೇಕು. ಸೆಕೆಂಡಿಗೆ 24 ಫ್ರೇಮು. ಹತ್ತು ಸೆಕೆಂಡಿಗೆ 240, ಅಂದರೆ 15 ಅಡಿ ಫಿಲ್ಮು. ಲೆಕ್ಕ ತಪ್ಪಿದರೆ ಮೊದಲು ತೆಗೆದದ್ದೂ ಹಾಳು. ನಾಯಕಿ ಎತ್ತ ನೋಡಬೇಕು, ಎಷ್ಟೊತ್ತಿಗೆ ತಿರುಗಬೇಕು ಅಂತ ಹೇಳುವವರು ಯಾರು? ಟ್ರಿಕ್ ಮಾಡುವವನೇ. ಅವನು ಆಗಲೇ ಅರ್ಧ ಡೈರೆಕ್ಟರ್ ಆದ ಹಾಗೆ ಅಲ್ವಾ?

'ಸಂಪೂರ್ಣ ರಾಮಾಯಣ' 1961ರದ್ದು. ಎಷ್ಟೋ ವರ್ಷದ ಮೇಲೆ ಶರಣಬಸವೇಶ್ವರ ಜಾತ್ರೆಯ ಹೊತ್ತಿಗೆ ಹಳೇ ಪ್ರಿಂಟ್ ಹಾಕಿದ್ದೆವು. ಯುದ್ಧದ ರೀಲು ಕಟ್ಟಾಯಿತು. ಫಿಲ್ಮ್ ಅಂಟಿಸುವ ಸಿಮೆಂಟ್ ಹಚ್ಚಿ ಜೋಡಿಸುವ ಮುಂಚೆ ತುಂಡನ್ನು ಬಲ್ಬಿಗೆ ಹಿಡಿದೆ. ಬಾಣದ ಸುತ್ತ ಕೂದಲೆಳೆಯಂಥ ಗೆರೆ, ಟ್ರಿಕ್ಕಿನ ಗುರುತು! ಪರದೆ ಮೇಲೆ ಅದು ನನಗೆ ಒಮ್ಮೆಯೂ ಕಂಡಿರಲಿಲ್ಲ. ಕೆಳಗೆ ಜನ ಸೀಟಿ ಹೊಡೆಯುತ್ತಿದ್ದರು, ನಾನು ಅದನ್ನೇ ನೋಡುತ್ತಾ ನಿಂತುಬಿಟ್ಟಿದ್ದೆ.

ಬೀದರ್ ಫೋಟೋ ಸ್ಟುಡಿಯೋ:
ಕಾಕಾ, ನಿಮ್ಮ ಮಾತು ಒಪ್ಪುತ್ತೇನೆ. ಆದರೆ ನನ್ನ ಮಟ್ಟಿಗೆ ಅವರ ಸಿನಿಮಾಗಳಲ್ಲಿ ಕಥೆ ಸಡಿಲ. ಟ್ರಿಕ್ ಬರುವವರೆಗೂ ಕಾಯಬೇಕು. 1963ರ 'ಪಾರಸ್‌ಮಣಿ'ಯನ್ನು ನಾನು ಹಾಡಿಗೋಸ್ಕರ ಜಾಸ್ತಿ ನೋಡಿದ್ದು. ಲಕ್ಷ್ಮೀಕಾಂತ್-ಪ್ಯಾರೇಲಾಲ್ ಜೋಡಿಯ ಮ್ಯೂಸಿಕ್‌ನಲ್ಲಿ ತೆರೆಗೆ ಬಂದ ಮೊದಲ ಸಿನಿಮಾ ಅದು. ತಂಗಿ, ಇದನ್ನೂ ಹೇಳಿ.

ಆಪರೇಟರ್ ಕಾಕಾ, ಶಹಾಬಾದ್:
ಕಾಯಿಸಿ ತೋರಿಸುವುದೂ ಡೈರೆಕ್ಷನ್ನೇ ಅಪ್ಪಾ. ಟೆಂಟಿನಲ್ಲಿ ನೆಲದ ಮೇಲೆ ಕೂತವರ ಮುಖ ನಾನು ನೋಡಿದ್ದೇನೆ.

ಆಳಂದದ ಹುಡುಗಿ:
ಕಾಕಾ, ನಿನ್ನೆ ರಾತ್ರಿ ಅಮ್ಮನ ಕರಿ ಶಾಲು ಗೋಡೆಗೆ ಕಟ್ಟಿ ಸ್ಟೀಲ್ ಲೋಟ ಎತ್ತಿಸಿ ನೋಡಿದೆ. ಮೊಬೈಲಿನಲ್ಲಿ ದಾರ ಮಿಂಚುತ್ತಿದೆ. ಏನು ಮಾಡಲಿ?

ಆಪರೇಟರ್ ಕಾಕಾ, ಶಹಾಬಾದ್:
ಹೊಳೆಯುವ ನೂಲು ಬಿಡು, ಹತ್ತಿ ದಾರ ತಗೋ. ಅದಕ್ಕೆ ಮಸಿ ಸವರು. ಬೆಳಕು ಲೋಟಕ್ಕೆ ಮಾತ್ರ ಬೀಳಬೇಕು, ಮೇಲ್ಗಡೆ ಒಂದು ರಟ್ಟು ಅಡ್ಡ ಹಿಡಿ. ಸ್ಟೀಲ್ ಬೇಡ, ಹಿತ್ತಾಳೆ ಲೋಟ ಇದ್ದರೆ ನೋಡು. ಆಮೇಲೆ ವಿಡಿಯೋ ಇಲ್ಲಿ ಹಾಕು, ಕಾಯುತ್ತಿರುತ್ತೇನೆ.