ಹಳ್ಳಿಗೆ ನೆಟ್‌ವರ್ಕ್ ಕೊಡೋದು ಸರ್ಕಾರದ ಕೆಲ್ಸನಾ, ಪ್ರೈವೇಟ್‌ನವ್ರದ್ದಾ?

ಹೊಸನಗರದ ಹುಡ್ಗ:
ನಮ್ಮೂರಲ್ಲಿ ಇರೋದು ಇಪ್ಪತ್ತೆರಡು ಮನೆ, ಅದೂ ತೋಟದ ಮಧ್ಯೆ ಅಲ್ಲೊಂದು ಇಲ್ಲೊಂದು. ಸಿಗ್ನಲ್ ಬರೋದು ಒಂದೇ ಟವರಿಂದು, ಯಾವ ಕಂಪನಿ ಅಂತ ಬೇಡ, ಕರೆಂಟ್ ಹೋಗಿ ಅರ್ಧ ಗಂಟೆಗೆ ಅದೂ ಹೋಗತ್ತೆ. ಕಳೆದ ಮಳೆಗಾಲದಲ್ಲಿ ರೇಷನ್ ಅಂಗಡಿಯವ್ರು ಥಂಬ್ ಮಷೀನ್ ಹಿಡ್ಕೊಂಡು ಗುಡ್ಡದ ಮೇಲೆ ನಿಂತಿದ್ರು, ನಮ್ಮಜ್ಜಿ ಕೊಡೆ ಹಿಡ್ಕೊಂಡು ಕೆಸರಲ್ಲಿ ಹತ್ತಿ ಹೋಗಿ ಬೆರಳು ಒತ್ತಿದ್ರು, ಎರಡು ಸಲ ಎರರ್ ಬಂತು, ಮೂರನೇ ಸಲಕ್ಕೆ ಆಯ್ತು, ಆಮೇಲೆ ಅಕ್ಕಿ ತಗೊಳ್ಳೋಕೆ ಮತ್ತೆ ಕೆಳಗೆ ಇಳಿದು ಬರ್ಬೇಕು. ಒಂದು ಪ್ರೈವೇಟ್ ಕಂಪನಿಯವ್ರು ಸರ್ವೆಗೆ ಬಂದಿದ್ರು, ಇಷ್ಟು ಮನೆಗೆ ಟವರ್ ಹಾಕಿದ್ರೆ ಡೀಸೆಲ್ ದುಡ್ಡೂ ಹುಟ್ಟಲ್ಲ ಅಂತ ಹೇಳಿ ಹೋದ್ರು. ಎಲ್ಲಾ ಸರ್ಕಾರನೇ ಮಾಡ್ಬೇಕು ಅಂತ ಒಂದಷ್ಟು ಜನ, ಸರ್ಕಾರ ಮುಟ್ಟಿದ್ದು ಉದ್ಧಾರ ಆಗಲ್ಲ ಅಂತ ಇನ್ನೊಂದಷ್ಟು ಜನ. ನಿಮಗೆಲ್ಲ ಏನನ್ಸತ್ತೆ?

ಜಯನಗರ ಪ್ರಸಾದ್:
ನಾನು ಪ್ರೈವೇಟ್ ಪರ. ಲ್ಯಾಂಡ್‌ಲೈನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಕಾದ ಕಾಲ ನಮ್ಮಪ್ಪಂಗೆ ಇನ್ನೂ ನೆನಪಿದೆ. 2016ರ ಸೆಪ್ಟೆಂಬರಲ್ಲಿ ಜಿಯೋ ಬರೋಕೆ ಮುಂಚೆ 1 ಜಿಬಿಗೆ 200 ರೂಪಾಯಿ ಮೇಲೆ ಕೊಡ್ತಿದ್ವಿ, ಪೈಪೋಟಿ ಬಂದ್ಮೇಲೇ ಅಲ್ವಾ ರೇಟ್ ಬಿದ್ದಿದ್ದು. ಏರ್‌ಟೆಲ್ 2012ರಲ್ಲೇ ಬೆಂಗಳೂರಿಗೆ 4ಜಿ ತಂತು, ಬಿಎಸ್ಸೆನ್ನೆಲ್ ಇಡೀ ದೇಶಕ್ಕೆ ಅಂತ 4ಜಿ ಉದ್ಘಾಟನೆ ಮಾಡಿದ್ದು 2025ರ ಸೆಪ್ಟೆಂಬರ್ 27ಕ್ಕೆ. ಹದಿಮೂರು ವರ್ಷ ಯಾವ ಗಿರಾಕಿ ಕಾಯ್ತಾನೆ ಹೇಳಿ.

ನಿವೃತ್ತ ಲೈನ್‌ಮನ್:
ಪ್ರಸಾದ್ ಅವ್ರೇ, ತಡ ಆಗಿದ್ದು ನಿಜ, ಆದ್ರೆ ಯಾಕಾಯ್ತು ಅಂತಾನೂ ನೋಡಿ. 4ಜಿ ತರಂಗಾಂತರ ಕೊಡ್ತೀವಿ ಅಂತ ಕೇಂದ್ರ ಸರ್ಕಾರ ಬಿಎಸ್ಸೆನ್ನೆಲ್ ಪುನಶ್ಚೇತನದ ಪ್ಯಾಕೇಜಲ್ಲಿ ಹೇಳಿದ್ದೇ 2019ರ ಅಕ್ಟೋಬರಲ್ಲಿ, 2020ರಲ್ಲಿ ಕರೆದ ಟೆಂಡರ್ ರದ್ದಾಯ್ತು, ನಮ್ಮ ದೇಶದ್ದೇ ಉಪಕರಣ ಆಗ್ಬೇಕು ಅಂದ್ರು, ಟಿಸಿಎಸ್, ಸರ್ಕಾರದ ಟೆಲಿಕಾಂ ಸಂಶೋಧನಾ ಸಂಸ್ಥೆ ಸಿ-ಡಾಟ್, ನಮ್ಮ ಬೆಂಗಳೂರಿನ ತೇಜಸ್ ನೆಟ್‌ವರ್ಕ್ಸ್ ಸೇರಿ ಮೊದಲಿಂದ ಕಟ್ಟಬೇಕಾಯ್ತು. ಇದರ ಮಧ್ಯೆ 2020ರ ಜನವರಿ 31ಕ್ಕೆ ಒಂದೇ ದಿನ ಸುಮಾರು 78 ಸಾವಿರ ಜನ ವಿಆರ್‌ಎಸ್ (ಸ್ವಯಂ ನಿವೃತ್ತಿ) ತಗೊಂಡು ಮನೆಗೆ ಹೋದ್ವಿ, ನಾನೂ ಅವತ್ತೇ ಬ್ಯಾಗ್ ಕೊಟ್ಟು ಬಂದೆ. ಯಾವ ತಿರುವಲ್ಲಿ ಜಾಯಿಂಟ್ ಇದೆ, ಯಾರ ಬೇಲಿ ಪಕ್ಕ ಕೇಬಲ್ ಹೋಗಿದೆ ಅನ್ನೋದೆಲ್ಲ ನಮ್ಮ ತಲೇಲಿತ್ತು, ಕಾಗದದಲ್ಲಿ ಇರಲಿಲ್ಲ, ಅದನ್ನ ಯಾರೂ ಕೇಳಿ ಬರ್ಕೊಳ್ಳಲೂ ಇಲ್ಲ, ಅದೊಂದು ಇವತ್ತಿಗೂ ಹೊಟ್ಟೆ ಉರಿಯತ್ತೆ.
ಇನ್ನು ಪೈಪೋಟಿ ಅಂದ್ರಲ್ಲ, ಏರ್‌ಸೆಲ್ 2018ರಲ್ಲಿ ದಿವಾಳಿ ಆದಾಗ ಗಿರಾಕಿಗಳು ನಂಬರ್ ಪೋರ್ಟ್ ಮಾಡೋಕೆ ಪರದಾಡಿದ್ರು. ಈಗ ಉಳಿದಿರೋ ಪ್ರೈವೇಟ್‌ನವ್ರು ಮೂರೇ ಜನ, 2024ರ ಜುಲೈಲಿ ಮೂವರೂ ಒಂದೆರಡು ದಿನದ ಅಂತರದಲ್ಲಿ ರೇಟ್ ಏರಿಸಿದ್ರು, ಜನ ಆಗ ಓಡಿ ಬಂದಿದ್ದು ಬಿಎಸ್ಸೆನ್ನೆಲ್‌ಗೇ. ನಾಲ್ಕನೆಯವ್ನೊಬ್ಬ ಇದ್ದಿದ್ದಕ್ಕೆ ಬಚಾವ್.

ಕೇಬಲ್ ರಮೇಶಣ್ಣ, ತೀರ್ಥಹಳ್ಳಿ ಕಡೆ:
ಇಪ್ಪತ್ತು ವರ್ಷದಿಂದ ಕೇಬಲ್ ಎಳೀತಿದೀನಿ, ನಾ ನೋಡಿದ್ದು ಹೇಳ್ತೀನಿ. ನೀವೆಲ್ಲ ಸೇರಿಸಿ ಒಂದೇ ಮಾಡ್ತಿದೀರ, ದಾರಿ ಬೇರೆ ಬಸ್ಸು ಬೇರೆ. ಫೈಬರ್, ಕಂಬ, ಟವರ್ ಇದು ದಾರಿ. ನಮ್ಮ ಕಡೆ ಕಾಡಲ್ಲಿ ಒಂದು ಕಿಲೋಮೀಟರ್ ಎಳೆದ್ರೆ ಮೂರು ಮನೆ ಸಿಗತ್ತೆ, ಈ ದಾರಿ ಹಾಕೋ ಖರ್ಚು ಯಾವ ಕಂಪನಿಗೂ ಗಿಟ್ಟಲ್ಲ, ಅದು ಸರ್ಕಾರದ್ದೇ ಆಗ್ಬೇಕು. ಅದ್ರ ಮೇಲೆ ಬಸ್ಸು ಯಾರಾದ್ರೂ ಓಡಿಸ್ಲಿ. ಕೇರಳದವ್ರು 2023ರಲ್ಲಿ ಕೆಫೋನ್ ಅಂತ ಸರ್ಕಾರಿ ಫೈಬರ್ ಇಂಟರ್ನೆಟ್ ಶುರು ಮಾಡಿದ್ದು ಹೀಗೇನೇ, ಅವರ ವಿದ್ಯುತ್ ಮಂಡಳಿ ಕಂಬದ ಮೇಲೇ ಫೈಬರ್ ಹೋಗತ್ತೆ, ಮನೆಗೆ ಕನೆಕ್ಷನ್ ಕೊಡೋದು ನನ್ನಂಥ ಲೋಕಲ್ ಕೇಬಲ್‌ನವ್ರು.
ದುಡ್ಡಿಲ್ಲ ಅನ್ನೋ ಹಾಗೂ ಇಲ್ಲ. ಟೆಲಿಕಾಂ ಕಂಪನಿಗಳು ಆದಾಯದ ಶೇ 5ರಷ್ಟನ್ನ ಹಳ್ಳಿ ಸಂಪರ್ಕಕ್ಕೇ ಅಂತ ಇರೋ ನಿಧಿಗೆ ಕಟ್ತಾವೆ, ಈಗ ಅದರ ಹೆಸರು ಡಿಜಿಟಲ್ ಭಾರತ ನಿಧಿ. ಅಂದ್ರೆ ಜಯನಗರದ ರೀಚಾರ್ಜಲ್ಲಿ ಹೊಸನಗರದ ಟವರ್ ದುಡ್ಡೂ ಸೇರಿದೆ. ಸಿಗ್ನಲ್ ಇಲ್ಲದ 24,680 ಊರಿಗೆ 4ಜಿ ಕೊಡೋಕೆ 2022ರಲ್ಲಿ 26 ಸಾವಿರ ಕೋಟಿ ಮೇಲೆ ಮಂಜೂರು ಮಾಡಿದಾರೆ.
ಆದ್ರೆ ಹಾಕೋದಕ್ಕೆ ದುಡ್ಡಿದೆ, ನೋಡ್ಕೊಳ್ಳೋದಕ್ಕೆ ಜನ ಇಲ್ಲ. ನಮ್ಮ ಹತ್ರದ ಒಂದು ಕಡೆ ರಸ್ತೆ ಅಗಲ ಮಾಡೋವಾಗ ಜೆಸಿಬಿ ಬಾಯಿಗೆ ಸಿಕ್ಕಿ ಓಎಫ್‌ಸಿ (ಫೈಬರ್ ಕೇಬಲ್) ಕಟ್ ಆಯ್ತು, ತುಂಡು ಜೋಡಿಸೋ ಸ್ಪ್ಲೈಸಿಂಗ್ ಮಷೀನ್ ಇದ್ರೆ ಎರಡು ಗಂಟೆ ಕೆಲ್ಸ, ಹನ್ನೊಂದು ದಿನ ಹಂಗೇ ಬಿದ್ದಿತ್ತು, ಇದನ್ನ ಯಾರು ಜೋಡಿಸ್ಬೇಕು ಅಂತ ಯಾರಿಗೂ ಗೊತ್ತಿಲ್ಲ. ತಮ್ಮಾ, ನಿಮ್ಮ ಟವರ್ ಅರ್ಧ ಗಂಟೆಗೆ ಹೋಗತ್ತೆ ಅಂದ್ರೆ ಬ್ಯಾಟರಿ ಸತ್ತಿದೆ ಅಂತ ಅರ್ಥ, ಸರಿ ಇದ್ರೆ ನಾಲ್ಕೈದು ಗಂಟೆ ತಡೀಬೇಕು. ಮೊದ್ಲು ಆ ಬ್ಯಾಟರಿ ಬದಲಾಯಿಸಿ ಅಂತ ಬರವಣಿಗೆಲಿ ಕೊಡಿ, ಪಂಚಾಯ್ತಿಲಿ ಭಾರತ್‌ನೆಟ್ (ಪಂಚಾಯ್ತಿಗಳಿಗೆ ಫೈಬರ್ ಕೊಡೋ ಕೇಂದ್ರದ ಯೋಜನೆ) ಡಬ್ಬ ಇದ್ಯಾ, ಅದ್ರ ಲೈಟ್ ಉರೀತಿದ್ಯಾ ನೋಡ್ಕೊಂಡು ಬನ್ನಿ.

ಹೊಸನಗರದ ಹುಡ್ಗ:
ರಮೇಶಣ್ಣ, ಇವತ್ತು ಪಂಚಾಯ್ತಿಗೆ ಹೋಗಿದ್ದೆ. ಡಬ್ಬ ಇದೆ, ಲೈಟೂ ಉರೀತಿದೆ, ಅಲ್ಲಿಂದ ನಮ್ಮೂರಿಗೆ ನಾಲ್ಕು ಕಿಲೋಮೀಟರ್. ಕಂಬದ ಮೇಲೆ ಎಳೆಯೋಕೆ ಎಷ್ಟಾಗ್ಬಹುದು ಅಂತ ಒಂದು ಅಂದಾಜು ಬರೆದು ಕೊಡ್ತೀರಾ? ಗ್ರಾಮಸಭೆಗೆ ಬ್ಯಾಟರಿ ಅರ್ಜಿ ಜೊತೆ ಅದನ್ನೂ ಇಡ್ತೀನಿ.