ಅಪ್‌ಡೇಟ್: ಮಡಿಕೇರಿ ಆಟದಲ್ಲಿ ಎಕ್ಕ-ಹತ್ತು ಬಿಟ್ಟೆ ಅಂದಿದ್ದೆನಲ್ಲ, ಅದರ ಕಥೆ

ಪೋಕರ್ ಆಟದಲ್ಲಿ ಆ ಎಲೆ ಬಿಟ್ಟದ್ದು ಸರಿಯೇ ಅಂತ ನಿಮ್ಮನ್ನು ಕೇಳಿದ್ದೆ. ಮೊದಲು ಕೇಳಿದ್ದು ಇಷ್ಟು. ಗೆಳೆಯರ ಟೂರ್ನಮೆಂಟ್, ದುಡ್ಡಿಲ್ಲ, ಮೊದಲ ಮೂವರಿಗೆ ಕಾಫಿಪುಡಿ, ಜೇನು. ಉಳಿದಿದ್ದು ನಾಲ್ವರು. ನನ್ನ ಕೈಯಲ್ಲಿ ಎಕ್ಕ-ಹತ್ತು. ನೆಲದ ಮೇಲೆ ಎಲ್ಲರಿಗೂ ಸೇರಿದ ಐದು ಎಲೆ: ಎಕ್ಕ, 9, 8, 3, 2. ಮೊದಲ ಮೂರರಲ್ಲಿ ಎರಡು ಆಟಿನ್, ಆಮೇಲೆ ಆಟಿನ್ ಬರಲೇ ಇಲ್ಲ. ಪಾಟ್ (ನಡುವೆ ಸೇರಿದ ಪಣ) 12,000 ಚಿಪ್ಸ್. ಎದುರಿನವನು ಕೊನೆಗೆ 6,000 ಆಲ್-ಇನ್ ಮಾಡಿದ, ಅಂದರೆ ಇದ್ದದ್ದೆಲ್ಲ ಪಣಕ್ಕಿಟ್ಟ; ನಾನು ಫೋಲ್ಡ್ ಮಾಡಿದೆ, ಎಲೆ ಬಿಟ್ಟುಕೊಟ್ಟೆ.

ನೀವು ಹೇಳಿದ ಲೆಕ್ಕ ಈಗ ತಲೆಗೆ ಹೋಯಿತು. ನಾನೂ 6,000 ಹಾಕಿದರೆ ಒಟ್ಟು 24,000, ಅಂದರೆ ನಾಲ್ಕರಲ್ಲಿ ಒಂದು ಸಲ ಗೆದ್ದರೂ ಚಿಪ್ಸ್ ಲೆಕ್ಕ ಸರಿಹೋಗುತ್ತದೆ. ಬಹುಮಾನ ಹತ್ತಿರ ಇದ್ದದ್ದರಿಂದ ಸ್ವಲ್ಪ ಜಾಸ್ತಿ ಬೇಕು, ಒಪ್ಪಿದೆ. ಆದರೆ ತಪ್ಪಿಹೋದ ಡ್ರಾಗಳು, ಅಂದರೆ ಬೇಕಾದ ಎಲೆ ಬರದೆ ಅರ್ಧಕ್ಕೇ ಉಳಿದವು, ಎಷ್ಟೊಂದು! ಅಂಥದ್ದನ್ನು ಇಟ್ಟುಕೊಂಡು ಅವನು ಬರೀ ಹೆದರಿಸುತ್ತಿರಬಹುದಿತ್ತು. ಎರಡೂ ಆಟಿನ್ ಎಲೆಗಳು, 7-6, ಗುಲಾಮ-ಹತ್ತು. ನನ್ನ ಹತ್ರವೇ ಒಂದು ಹತ್ತು ಇದ್ದದ್ದರಿಂದ ಗುಲಾಮ-ಹತ್ತು 16 ಬಗೆಯಿಂದ 12ಕ್ಕೆ ಇಳಿಯುತ್ತದೆ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ.

ನಾನು ನೋಡಿದ್ದು ಅವನ ಕೈ ನಡುಗಿದ್ದನ್ನು ಮಾತ್ರ. ಒಳ್ಳೆ ಎಲೆ ಬಂದಿದೆ ಅಂದುಕೊಂಡೆ. ಮೊನ್ನೆ ಕೇಳಿದರೆ, 'ಚಳಿ ಮಾರಾಯ, ಹೊರಗೆ ಮಳೆ ಹೊಡೀತಿತ್ತಲ್ಲ' ಅಂದ. ಇದ್ದದ್ದು 7-6 ಅಂತೆ.

ಭಾನುವಾರ ವಿರಾಜಪೇಟೆಯಲ್ಲಿ ಮತ್ತೆ ಅವನೇ, ಹೆಚ್ಚುಕಡಿಮೆ ಅದೇ ಪರಿಸ್ಥಿತಿ. ಈ ಸಲ ಲೆಕ್ಕ ಹಾಕಿ ಕಾಲ್ ಮಾಡಿದೆ, ಅವನ ಪಣಕ್ಕೆ ಸರಿಯಾಗಿ ನಾನೂ ಹಾಕಿದೆ. ಮೂರು ಒಂಬತ್ತು ತೋರಿಸಿದ. ಜೇನು ಅವನ ಮನೆಗೆ ಹೋಯಿತು.