ದಿನಾ ಮುಂಜಾನಿ ಪಿಟಿಯೊಳಗ ತಮ್ಮನ್ನ ಕಾಡಸ್ತಾರ, ಬಿಡಸ್ಬೇಕಾ ಸರ್?

ಪ್ರಶ್ನೆ: ನಮಸ್ಕಾರ್ರಿ ಸರ್. ನಾವು ಯಾದಗಿರಿ ಕಡೆಯವ್ರು, ಅಪ್ಪ ಅವ್ವ ಬೆಂಗ್ಳೂರಾಗ ಬಿಲ್ಡಿಂಗ್ ಕೆಲ್ಸಕ್ಕ ಹೋಗ್ತಾರ, ಶೆಡ್ಡಿನಾಗ ಇರ್ತೀವಿ. ತಮ್ಮ ಗೌರ್ಮೆಂಟ್ ಸಾಲ್ಯಾಗ 5ನೇತ್ತ. ಈ ವರ್ಷ ಪ್ರೇಯರ್‌ಕಿಂತ ಮದ್ಲು ದಿನಾ ಅರ್ಧ ತಾಸು ಎಕ್ಸರ್ಸೈಜು, ಆಟ ಅಂತ ಚಾಲೂ ಮಾಡ್ಯಾರ. ಚಲೋನೇ ಐತಿ, ಆದ್ರ ಇಂವ ಮಾತಾಡಿದ್ರ ನಗ್ತಾರ, ಹರದ ಬೂಟು ತೋರ್ಸಿ ಆಡ್ಕೋತಾರ, ಟೀಮ್ ಮಾಡೂಮುಂದ ಕಡೀಕ ಉಳಿಯಾಂವ ಇಂವನೇ, ಈಗ ದಿನಾ ಹೊಟ್ಟಿನೋವು ಅಂತ ಕುಂಡ್ರತಾನ. ಅವ್ವ ಪಿಟಿ ಬಿಡಸೂಣು ಅಂತಾಳ. ಏನ್ ಮಾಡ್ಲಿ?

ಉತ್ತರ (ಪಿಟಿ ಮೇಷ್ಟ್ರು): ಬಿಡಿಸ್ಬೇಡಮ್ಮ. ಗೋಡೆ ಪಕ್ಕ ಒಬ್ನೇ ಕೂತ್ರೆ ಇನ್ನೂ ಸುಲಭವಾಗಿ ಕೈಗೆ ಸಿಕ್ಬಿಡ್ತಾನೆ. ಬರೀ ವ್ಯಾಯಾಮ ಮಾಡ್ಸಿದ್ರೆ ಈ ಕಾಟ ನಿಲ್ಲಲ್ಲ, ಆಟ ನಡೆಸೋ ರೀತಿ ಬದಲಾಗ್ಬೇಕು. ಇಬ್ರು ಕ್ಯಾಪ್ಟನ್ ನಿಂತ್ಕೊಂಡು ನಂಗಿವ್ನು ನಂಗವ್ನು ಅಂತ ಆರಿಸ್ಕೊಳ್ತಾರಲ್ಲ, ಅರ್ಧ ಅವಮಾನ ಅಲ್ಲೇ ಆಗೋಗತ್ತೆ. ನಾನು ಒಂದು, ಎರಡು ಅಂತ ನಂಬರ್ ಹೇಳ್ಸಿ ಟೀಮ್ ಮಾಡ್ತೀನಿ, ವಾರವಾರ ಬದಲಾಯಿಸ್ತೀನಿ. ಖೋಖೋ ಆಡಿಸೋಕೆ ಕೇಳ್ಕೊಳ್ಳಿ. ಅದ್ರಲ್ಲಿ ಎಂಟು ಜನ ಕೂತಿರ್ತಾರೆ, ಅಟ್ಟಿಸ್ಕೊಂಡು ಹೋಗೋನು ಬಂದ ದಿಕ್ಕಿಗೆ ವಾಪಸ್ ತಿರುಗೋ ಹಾಗಿಲ್ಲ, ಕೂತಿರೋನ ಬೆನ್ನು ಮುಟ್ಟಿ ಖೋ ಕೊಡ್ಲೇಬೇಕು, ಮಾತೇ ಆಡಿಸದೆ ಇದ್ದ ಹುಡುಗನ್ನೇ ಅವಸರದಲ್ಲಿ ಮುಟ್ಟಿ ಎಬ್ಬಿಸ್ತಾರೆ, ನಾನು ಎಷ್ಟೋ ಸಲ ನೋಡಿದೀನಿ. ಕಲ್ಲು ಗಾಜು ಆರಿಸಿ ಎಲ್ರೂ ಬರಿಗಾಲಲ್ಲೇ ಆಡಿದ್ರೆ ಬೂಟಿನ ಮಾತೂ ಬರಲ್ಲ.

ಹೊಟ್ಟೆನೋವು ನಾಟಕ ಅನ್ಕೋಬೇಡಿ. ಹೆದರಿಕೆಗೂ ಬರತ್ತೆ, ಹಸಿವಿಗೂ ಬರತ್ತೆ. ಅಪ್ಪ ಅಮ್ಮ ಬೆಳಗ್ಗೇನೇ ಕೆಲ್ಸಕ್ಕೆ ಹೋಗ್ತಾರೆ ಅಂದ್ರೆ ಅವ್ನು ಏನಾದ್ರೂ ತಿಂದು ಹೋಗ್ತಾನಾ? ಕ್ಷೀರಭಾಗ್ಯದ 150 ಎಂಎಲ್ ಹಾಲನ್ನ ಪಿಟಿಗೆ ಮುಂಚೆನೇ ಕೊಡೋಕಾಗತ್ತಾ ಅಂತ ಕೇಳಿ.

ಮರುಪ್ರಶ್ನೆ: ತಿಂದು ಹೋಗಂಗಿಲ್ಲ ಸರ್, ಬರೇ ಚಾ. ಸಾಲ್ಯಾಗ ಹೇಳೀವಿ, ಕಾಡ್ಸಿದ ಹುಡುಗ್ರಿಗೆ ಗ್ರೌಂಡ್ ಸುತ್ತ ಹಚ್ಚಿದ್ರು, ಮರುದಿನ ಆ ಹುಡುಗ್ರು ತಮ್ಮನ್ನ ನಳದ ಹತ್ರ ಹಿಡ್ದು ಹೊಡದ್ರು.

ಉತ್ತರ: ನಂಗೆ ಸಿಟ್ಟು ಬರೋದೇ ಇದಕ್ಕೆ. ಬಸ್ಕಿ, ರೌಂಡು ಶಿಕ್ಷೆ ಅಂತ ಕೊಟ್ರೆ ಮಕ್ಕಳಿಗೆ ವ್ಯಾಯಾಮ ಅಂದ್ರೇನೇ ಶಿಕ್ಷೆ ಅಂತಾಗತ್ತೆ, ಆ ಸಿಟ್ಟು ಬಂದು ಬೀಳೋದು ನಿಮ್ಮ ತಮ್ಮನ ಮೇಲೆ. 2009ರ ಆರ್‌ಟಿಇ, ಅಂದ್ರೆ ಶಿಕ್ಷಣ ಹಕ್ಕು ಕಾಯ್ದೆ 17ನೇ ಸೆಕ್ಷನ್ ಪ್ರಕಾರ ಮಗುಗೆ ದೈಹಿಕ ಶಿಕ್ಷೆನೂ ಕೊಡಂಗಿಲ್ಲ, ಮಾನಸಿಕ ಹಿಂಸೆನೂ ಮಾಡಂಗಿಲ್ಲ. ಆ ಹುಡುಗ್ರಿಗೆ ಸುಣ್ಣದ ಗೆರೆ ಹಾಕೋದು, ಕಿರಿಯರಿಗೆ ಆಟ ಹೇಳ್ಕೊಡೋದು ಅಂತ ಜವಾಬ್ದಾರಿ ಕೊಡ್ಲಿ, ಅವ್ರೂ ಕಷ್ಟದ ಮನೆ ಮಕ್ಕಳೇ ಇರ್ತಾರೆ. ಮತ್ತೆ ಹೊಡೆತ ಬೀಳೋದು ಆಟದ ಮಧ್ಯ ಕಮ್ಮಿ, ನಲ್ಲಿ, ಟಾಯ್ಲೆಟ್ಟು, ಲೈನು ಇಂಥ ಕಡೆನೇ ಜಾಸ್ತಿ, ಪಿಟಿ ಮುಗಿದ ಮೇಲೆ ಹತ್ತು ನಿಮಿಷ ಒಬ್ಬ ಟೀಚರ್ ಅಲ್ಲೇ ನಿಂತಿರ್ಬೇಕು.

ಯಾವತ್ತು, ಎಲ್ಲಿ, ಏನಾಯ್ತು ಅಂತ ಬರೆದು ಎಸ್‌ಡಿಎಂಸಿಗೆ, ಅಂದ್ರೆ ಶಾಲೆ ನೋಡ್ಕೊಳ್ಳೋ ಸಮಿತಿಗೆ ಕೊಡಿ. ಕಾಯ್ದೆ ಪ್ರಕಾರ ಅದ್ರಲ್ಲಿ ಮುಕ್ಕಾಲು ಪಾಲು ಪೋಷಕರೇ ಇರ್ಬೇಕು, ದುರ್ಬಲ ವರ್ಗದವರೂ ಇರ್ಬೇಕು, ಅವ್ವನ್ನ ಕರ್ಕೊಂಡು ಹೋಗಿ. ಆಮೇಲೂ ಹೊಡೆದ್ರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ದುಡ್ಡಿಲ್ಲ, ರಾತ್ರಿನೂ ಎತ್ತಾರೆ. ನಾಳೆಯಿಂದ ಚಹಾ ಜೊತೆ ಒಂದು ರೊಟ್ಟಿನಾದ್ರೂ ತಿನ್ಸಿ ಕಳಿಸಮ್ಮ.